ಶ್ಯಾಮಲಮ್ಮನ ಗಂಟಲು

ಶ್ಯಾಮಲಮ್ಮ ಗುಟ್ಟು ಹೇಳಿದರೆ ಪಕ್ಕದ ಅರ್ಥಶಾಸ್ತ್ರ ವಿಭಾಗದವರಿಗೆ ಕಿವಿ ಚಾಚುವ ಕಷ್ಟವೇ ಇರುತ್ತಿರಲಿಲ್ಲ. ಕೋಲಾರದ ಹೊರಗೆ, ಹೆದ್ದಾರಿಯಿಂದ ಕೂಗಳತೆ ದೂರದಲ್ಲಿರುವ ವಿಶ್ವವಿದ್ಯಾಲಯದ ರೇಷ್ಮೆಕೃಷಿ ವಿಭಾಗದಲ್ಲಿ ಅವಳು ಅಟೆಂಡರು. ಕೂಗಳತೆ ಎಂದದ್ದು ನಿಮ್ಮ ನನ್ನಂಥವರ ಕೂಗಿನ ಲೆಕ್ಕದಲ್ಲಿ. ಶ್ಯಾಮಲಮ್ಮನ ಕೂಗಿನಿಂದ ಅಳೆಯುವುದಾದರೆ ಮುಳಬಾಗಿಲೂ ಕೂಗಳತೆಯೇ.

ಆ ವಿಭಾಗದಲ್ಲಿ ಗೋಡೆ ಗಡಿಯಾರವಿತ್ತು, ಗಂಟೆಯಿತ್ತು, ಗಾಜಿನ ಬಾಗಿಲಿನ ಸೂಚನಾ ಫಲಕವೂ ಇತ್ತು. ಅವುಗಳ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ‘ಟೀ ಆಯ್ತು, ಬನ್ರಪ್ಪೋ!’ ಎಂದು ಅವಳು ಕಾರಿಡಾರಿನಲ್ಲಿ ಕೂಗಿದರೆ ಪಾಠ ನಿಲ್ಲಿಸಬೇಕೆಂದು ಅರ್ಥ. ‘ಮಾಲೂರು ಬಸ್ಸು ಬರ್ತಾ ಐತೆ, ಹೋಗೋರು ಹೋಗ್ರಮ್ಮೋ!’ ಎಂದರೆ ಸಂಜೆಯಾಯಿತೆಂದು ಅರ್ಥ. ಉಳಿದ ಹೊತ್ತಿನಲ್ಲಿ ಅವಳು ಬೈಯುತ್ತಿದ್ದಳು. ಹತ್ತಿಕೊಳ್ಳದ ಗ್ಯಾಸ್ ಒಲೆಗೆ ಬೆಂಕಿ ಬೀಳ, ನೀರು ಬೆರೆಸಿದ ಹಾಲಿಗೆ ಬೆಂಕಿ ಬೀಳ, ತಿರುಗದ ಫ್ಯಾನಿಗೆ ಬೆಂಕಿ ಬೀಳ. ಅವಳ ಬಾಯಿಂದ ದಿನಕ್ಕೊಮ್ಮೆಯಾದರೂ ಬೆಂಕಿ ಬೀಳದ ವಸ್ತು ಆ ಕಟ್ಟಡದಲ್ಲಿ ಇರಲಿಲ್ಲ. ಹಾಗೆಂದು ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಕೆಲವರಿಗೆ ಕೆಮ್ಮು ಇರುವಂತೆ ಇವಳಿಗೆ ಬೈಗುಳ.

ಮನೆಯಲ್ಲಿ ಗಂಡ ಚನ್ನರಾಯಪ್ಪ ಬಹಳ ಕಡಿಮೆ ಮಾತಿನ ಮನುಷ್ಯ. ಮದುವೆಯಾದ ಹೊಸತರಲ್ಲಿ ಏನೋ ಹೇಳಬೇಕೆಂದಿದ್ದನಂತೆ, ಇನ್ನೂ ಸರದಿ ಬಂದಿಲ್ಲ.

ಈ ಗಂಟಲು ಅವಳಿಗೆ ಪಳಗಿದ್ದು ದೇವರಾಯಸಮುದ್ರದ ಕೆರೆ ಏರಿಯ ಮೇಲೆ. ಸೊಸೆಯಾಗಿ ಬಂದ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಸೊಪ್ಪು ತಿಂದು ತಿಂದು ಬಲಿತ ಹುಳು ಒಂದು ದಿನ ತಿನ್ನುವುದನ್ನು ಬಿಟ್ಟು, ಮಾಗಿದ ಹಣ್ಣಿನ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಹುಳ ಹಣ್ಣಾಗುವುದು ಎಂದರೆ ಇದೇ. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡ ಮಾಡಿದಿರೋ, ಸಿಕ್ಕ ಸಿಕ್ಕಲ್ಲಿ ನೂಲು ಉಗುಳಿ ತಿಂಗಳ ದುಡಿಮೆಯನ್ನು ಕಸಪೊರಕೆಯ ಪಾಲು ಮಾಡುತ್ತದೆ. ಅದಕ್ಕೆ ಮನೆಯವರ ಕೈ ಎಲ್ಲಿ ಸಾಲುತ್ತದೆ? ಹೊಸ ಸೊಸೆ ಕೆರೆ ಏರಿ ಹತ್ತಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ‘ಹುಳ ಹಣ್ಣಾಗೋಯ್ತು! ಬನ್ರಪ್ಪೋ, ಬನ್ರಮ್ಮೋ!’ ಎಂದು ಕೂಗುತ್ತಿದ್ದಳು. ಆಚೆ ದಡದಲ್ಲಿ ಉಣ್ಣುತ್ತಿದ್ದವನು ತಟ್ಟೆಯಲ್ಲೇ ಕೈ ತೊಳೆದು ಓಡಿ ಬರುತ್ತಿದ್ದ. ಜಗಳವಾಡುತ್ತಿದ್ದವರು ಜಗಳವನ್ನು ಅಲ್ಲೇ ಇಟ್ಟು ಬರುತ್ತಿದ್ದರು. ಯಾರ ಮನೆಯ ಹುಳ ಎಂದು ಯಾರೂ ಕೇಳುತ್ತಿರಲಿಲ್ಲ. ಇವತ್ತು ನಿಮ್ಮದು, ನಾಳೆ ನಮ್ಮದು. ಅತ್ತೆ ಅಶ್ವತ್ಥಮ್ಮ ಸೊಸೆಯ ಬಗ್ಗೆ ಜೀವಮಾನದಲ್ಲಿ ಆಡಿದ ಒಂದೇ ಒಂದು ಒಳ್ಳೆಯ ಮಾತು ತೆಲುಗಿನಲ್ಲಿತ್ತು: ‘ಗೊಂತು ಮಂಚಿದಿ.’ ಮಿಕ್ಕಿದ್ದೆಲ್ಲ ಹೇಗೋ, ಗಂಟಲು ಮಾತ್ರ ಒಳ್ಳೆಯದು ಎಂದು.

ಇಂಥ ಶ್ಯಾಮಲಮ್ಮನಿಗೆ ಕಂಟಕ ಬಂದದ್ದು ಆಷಾಢದಲ್ಲಿ, ಹಳದಿ ಜಾಕೀಟು ತೊಟ್ಟುಕೊಂಡು.

ಕೆಲಸದ ಜಾಗದಲ್ಲಿ ಆರೋಗ್ಯ ಮತ್ತು ಸುರಕ್ಷತೆಯ ಬಗ್ಗೆ ಎಲ್ಲ ವಿಭಾಗಗಳೂ ತರಬೇತಿ ಪಡೆಯಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ತರಬೇತಿ ಕೊಡಲು ಬಂದವನು ಶಾನವಾಜ್. ನಂಗಲಿಯ ಹುಡುಗ, ತಂದೆಯದು ರೇಷ್ಮೆ ನೂಲು ಬಿಚ್ಚುವ ಸಣ್ಣ ಷೆಡ್ಡು, ತಾಯಿಯದು ಹುಳ ಸಾಕಣೆ. ಹುಡುಗ ಚುರುಕಾಗಿದ್ದ. ಕಾರಿಡಾರಿನಲ್ಲಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೋರಿಸಿ, ‘ಇದನ್ನ ಕೊನೇ ಸಲ ಯಾರು ಮುಟ್ಟಿದ್ದು?’ ಎಂದು ಕೇಳಿದ. ಶ್ಯಾಮಲಮ್ಮ ಕೈ ಎತ್ತಿದಳು. ‘ನಾನೇ ಸಾಮಿ. ಆಯುಧಪೂಜೇಲಿ ಅರಿಶಿನ ಕುಂಕುಮ ಇಕ್ಕಿ, ನಿಂಬೆಹಣ್ಣು ಕಟ್ಟಿದ್ದೆ.’ ನಿಂಬೆಹಣ್ಣು ಇನ್ನೂ ಅಲ್ಲೇ ಒಣಗಿ ನೇತಾಡುತ್ತಿತ್ತು. ಶಾನವಾಜ್ ಏನನ್ನೋ ಬರೆದುಕೊಂಡ. ಆಮೇಲೆ ಅಂಗಳದ ಹೊಂಗೆ ಮರಕ್ಕೆ ಒಂದು ಹಸಿರು ಫಲಕ ಹೊಡೆಸಿ, ಸೈರನ್ ಆದರೆ ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಎಲ್ಲರೂ ಈ ಮರದ ಕೆಳಗೆ ಬಂದು ನಿಲ್ಲಬೇಕು, ಯಾರು ಕರೆದರೂ ಅಲ್ಲಿಂದ ಕದಲಬಾರದು ಎಂದು ಎಲ್ಲರ ಬಾಯಲ್ಲೂ ಹೇಳಿಸಿದ.

ಕೊನೆಯ ಪಾಠ ಸದ್ದಿನ ಬಗ್ಗೆ. ಅವನು ಜೇಬಿನಿಂದ ಸದ್ದು ಅಳೆಯುವ ಪುಟ್ಟ ಮೀಟರ್ ತೆಗೆದು ಮೇಜಿನ ಮೇಲಿಟ್ಟ. ‘ಎಂಬತ್ತೈದು ದಾಟಿದ್ರೆ ಕಿವಿಗೆ ಅಪಾಯ. ನಮ್ಮಪ್ಪನ ಷೆಡ್ಡಲ್ಲಿ ಮಿಷಿನ್ ಎಲ್ಲಾ ಆನ್ ಆದ್ರೂ ಅಷ್ಟು ಬರಲ್ಲ,’ ಎನ್ನುತ್ತಿದ್ದ. ಅಷ್ಟರಲ್ಲಿ ಟೀ ಹೊತ್ತಾಯಿತು. ಶ್ಯಾಮಲಮ್ಮ ಅವನ ಹಿಂದೆಯೇ ನಿಂತು ಕೂಗಿದಳು.

ಮೀಟರ್ ತೊಂಬತ್ತಾರು ತೋರಿಸಿತು. ಶಾನವಾಜ್ ಅದನ್ನು ಅಂಗೈಗೆ ತಟ್ಟಿ, ಕೆಟ್ಟಿಲ್ಲವೆಂದು ಖಚಿತ ಮಾಡಿಕೊಂಡು, ಅವಳ ಕಡೆ ಭಯಭಕ್ತಿಯಿಂದ ನೋಡಿದ.

‘ಹಂಗಾದ್ರೆ ನಮ್ಮ ಶ್ಯಾಮಲಮ್ಮ ಅಪಾಯಾನಾ?’ ಎಂದು ಕೇಳಿದವಳು ಅನಿತ, ಹೊಸದಾಗಿ ಬಂದ ಉಪನ್ಯಾಸಕಿ. ತಮಾಷೆಗೇ ಕೇಳಿದ್ದಳು, ಪಾಪ. ಆದರೆ ಶಾನವಾಜ್ ಗಂಭೀರವಾಗಿ, ‘ಪುಸ್ತಕದ ಪ್ರಕಾರ ಹೌದು ಮೇಡಂ,’ ಎಂದುಬಿಟ್ಟ. ಹೀಗಾಗಿ ವಿಭಾಗದ ಅಪಾಯಗಳ ಪಟ್ಟಿಯಲ್ಲಿ ಆಸಿಡ್ಡು, ಜಾರುವ ಮೆಟ್ಟಿಲು, ಜೋತುಬಿದ್ದ ವೈರು, ಇವುಗಳ ಕೆಳಗೆ ಶ್ಯಾಮಲಮ್ಮನೂ ಸೇರಿದಳು.

ಅವಳಿಗೆ ಮೊದಲು ಹೆಮ್ಮೆಯೇ ಆಯಿತು. ಆಸಿಡ್ಡಿನ ಸಮಕ್ಕೆ ನಿಲ್ಲುವುದೆಂದರೆ ಹುಡುಗಾಟವೇ? ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದಳು. ಅಂದರೆ, ಬಸ್ಸಿಗೆಲ್ಲ ಹೇಳಿದಳು.

ಆದರೆ ವಿಭಾಗದ ಮುಖ್ಯಸ್ಥರು ಮುರಳಿಮೋಹನ್ ಮೇಷ್ಟ್ರು ಪುಸ್ತಕದಲ್ಲಿದ್ದದ್ದನ್ನು ತಪ್ಪದೆ ಪಾಲಿಸುವವರು. ಮಾಸ್ತಿಯ ಕಡೆ ರಾಗಿ, ರೇಷ್ಮೆ ಬೆಳೆಯುವ ಮನೆಯಲ್ಲಿ ಹುಟ್ಟಿ, ಹುಳದ ದುಡ್ಡಿನಲ್ಲೇ ಓದಿ ಮೇಲೆ ಬಂದವರು. ಒಳ್ಳೆಯವರು, ಆದರೆ ನಿಯಮವೆಂದರೆ ನಡುಕ. ಅಪಾಯ ಕಂಡಾಗ ಏನು ಮಾಡಬೇಕೆಂದು ಶಾನವಾಜ್ ಕೊಟ್ಟ ಪುಸ್ತಕದಲ್ಲಿ ಕ್ರಮವಾಗಿ ಬರೆದಿತ್ತು. ಅಪಾಯವನ್ನೇ ತೆಗೆದುಹಾಕಿ. ಆಗದಿದ್ದರೆ ಬದಲಿ ತನ್ನಿ. ಅದೂ ಆಗದಿದ್ದರೆ ತಡೆ ಕಟ್ಟಿ, ನಿಯಮ ಮಾಡಿ, ಕಟ್ಟಕಡೆಗೆ ಕೆಲಸಗಾರರಿಗೆ ರಕ್ಷಣೆಯ ಸಾಮಗ್ರಿ ಕೊಡಿ. ಮೇಷ್ಟ್ರಿಗೆ ಮೊದಲನೆಯದನ್ನು ಮಾಡಲು ಮನಸ್ಸು ಬರಲಿಲ್ಲ. ಬದಲಿಯಾಗಿ ಗುಮಾಸ್ತ ಕದಿರೇಶನನ್ನು ಟೀ ಕೂಗಲು ಹಚ್ಚಿದರು. ಕದಿರೇಶ ಬಾಯಿ ತೆರೆದರೆ ಎದುರಿಗೆ ಕೂತವರೂ ‘ಆಂ?’ ಎನ್ನಬೇಕು, ಅವನು ಎಲ್ಲ ಕೋಣೆಗಳಿಗೂ ಹೋಗಿ ಪಿಸುಗುಟ್ಟಿ ಬರುವಷ್ಟರಲ್ಲಿ ಟೀ ಆರಿ ತಣ್ಣೀರಾಯಿತು. ಆಮೇಲೆ ತಡೆ ಕಟ್ಟುವ ಸರದಿ. ವಿಭಾಗದವರು ಹುಳ ಸಾಕುವ ಹುಳ ಮನೆಗೆ, ಹುಳ ಕೊಲ್ಲುವ ಊಜಿ ನೊಣ ಬಾರದಂತೆ ಕಟ್ಟುವ ನೈಲಾನ್ ಪರದೆ ಒಂದಿಷ್ಟು ಉಳಿದಿತ್ತು, ಅದನ್ನೇ ಟೀ ಕೋಣೆಯ ಬಾಗಿಲಿಗೆ ಇಳಿಬಿಟ್ಟರು. ಅದರಿಂದ ಟೀ ಕೋಣೆಗೆ ಊಜಿ ನೊಣದ ಕಾಟ ತಪ್ಪಿತು.

ಕೊನೆಗೆ ಮೇಷ್ಟ್ರು ಅವಳನ್ನು ಕರೆದು, ಅವಳ ಮುಖ ನೋಡಲಾರದೆ ಮೇಜಿನ ಗಾಜು ನೋಡುತ್ತ ಹೇಳಿದರು. ‘ಶ್ಯಾಮಲಮ್ಮ, ಮುಂದಿನ ತಿಂಗಳು ತಪಾಸಣೆ ಇದೆ. ಅಷ್ಟರೊಳಗೆ ಈ ಅಪಾಯ ಸರಿಹೋಗದಿದ್ರೆ ನಿಮ್ಮನ್ನ ಶ್ರೀನಿವಾಸಪುರದ ಉಗ್ರಾಣಕ್ಕೆ ಹಾಕಬೇಕಾಗುತ್ತೆ. ಆರ್ಡರ್ ಟೈಪಾಗಿದೆ. ಸೈನ್ ಒಂದು ಬಾಕಿ.’

ಶ್ರೀನಿವಾಸಪುರದ ಉಗ್ರಾಣದಲ್ಲಿ ಹಳೆಯ ಉತ್ತರಪತ್ರಿಕೆಗಳ ಮೂಟೆ ಬಿಟ್ಟರೆ ಗಂಗುಲಪ್ಪ ಎಂಬ ಕಾವಲುಗಾರ. ಅವನಿಗೆ ಕಿವಿ ತುಸು ಮಂದ, ಆದ್ದರಿಂದ ಅಲ್ಲಿ ಅಪಾಯ ಕಡಿಮೆ ಎಂಬುದು ಕಚೇರಿಯ ಲೆಕ್ಕ. ಶ್ಯಾಮಲಮ್ಮನ ಲೆಕ್ಕ ಬೇರೆ. ಕೂಗಿದರೆ ಬರುವವರಿಲ್ಲದ ಜಾಗ! ಹುಡುಗರಿಲ್ಲ, ಹುಳಗಳಿಲ್ಲ, ಬೈಯಲು ಒಂದು ಫ್ಯಾನೂ ಇಲ್ಲ. ಪೇಪರಿನ ಮೂಟೆಗೆ ಟೀ ಆಯ್ತು ಬಾರಪ್ಪ ಎನ್ನಲಾದೀತೆ?

‘ತಪಾಸಣೆ ಮುಗಿಯೋಗಂಟ ಬಾಯಿ ಬಿಡಲ್ಲ ಸಾರ್,’ ಎಂದಳು. ಅದನ್ನೂ ಕೂಗಿಯೇ ಹೇಳಿದಳು, ಅಭ್ಯಾಸ ನೋಡಿ. ಅದೇ ಕಡೆಯ ಕೂಗು.

ಮಾರನೆಯ ದಿನದಿಂದ ಶ್ಯಾಮಲಮ್ಮ ತುಟಿ ಹೊಲಿದುಕೊಂಡವಳಂತೆ ಓಡಾಡಿದಳು. ವಿಭಾಗ ದಿಕ್ಕು ತಪ್ಪಿತು. ಟೀ ಹೊತ್ತು ತಿಳಿಯದೆ ಅನಿತ ಮುಂದಿನ ವಾರದ ಪಾಠವನ್ನೂ ಮುಗಿಸಿದಳು. ಮಾಲೂರಿನ ಹುಡುಗಿಯರು ಬಸ್ಸು ತಪ್ಪಿಸಿಕೊಂಡು ಹೆದ್ದಾರಿಯಲ್ಲಿ ನಿಂತರು. ಮನೆಯಲ್ಲೂ ಅವಳು ಮೌನ. ಕೂಗದೆ ಕೂಗದೆ ಹೊಟ್ಟೆಯುಬ್ಬರ ಬಂದಿತ್ತು. ಚನ್ನರಾಯಪ್ಪನಿಗೆ ಕಡೆಗೂ ಸರದಿ ಬಂತು. ಅವನು ಗಂಟಲು ಸರಿಮಾಡಿಕೊಂಡು, ಬಹಳ ಯೋಚಿಸಿ, ‘ಉಪ್ಪು ಕಮ್ಮಿ ಆಗೈತೆ,’ ಎಂದ. ಇಷ್ಟು ವರ್ಷ ಇಟ್ಟುಕೊಂಡಿದ್ದ ಮಾತು ಇದೇನಾ ಎಂದು ಅವಳಿಗೆ ಅಳುವೇ ಬಂತು.

ಇಷ್ಟೆಲ್ಲ ಆದ ಮೇಲೆ, ಮೇಷ್ಟ್ರು ಎಂದೋ ಬರೆದು ಹಾಕಿದ್ದ ರಕ್ಷಣೆಯ ಸಾಮಗ್ರಿ ಬಂದು ಬಿತ್ತು: ಕಿವಿಗೆ ಹಾಕಿಕೊಳ್ಳುವ ಕಿತ್ತಳೆ ಬಣ್ಣದ ಬಿರಡೆಗಳು, ಪೆಟ್ಟಿಗೆ ತುಂಬ. ಶ್ಯಾಮಲಮ್ಮ ಸುಮ್ಮನಾಗಿರುವಾಗ ಇವು ಯಾತಕ್ಕೆ ಎಂದು ನೀವು ಕೇಳಬಹುದು. ನೀವು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿಲ್ಲವೆಂದು ಕಾಣುತ್ತದೆ. ಬಂದ ಸಾಮಾನು ಬಳಸದಿದ್ದರೆ ಯಾಕೆ ತರಿಸಿದಿರಿ ಎಂದು ಆಕ್ಷೇಪಣೆ ಬರುತ್ತದೆ. ಆದ್ದರಿಂದ ತಪಾಸಣೆಯ ದಿನ ಬೆಳಿಗ್ಗೆಯಿಂದಲೇ ಪ್ರತಿಯೊಬ್ಬರೂ ಬಿರಡೆ ಹಾಕಿಕೊಂಡಿರಬೇಕೆಂದು ಮೇಷ್ಟ್ರು ಅಪ್ಪಣೆ ಮಾಡಿದರು. ಹಾಕಿಕೊಳ್ಳದವಳು ಶ್ಯಾಮಲಮ್ಮ ಒಬ್ಬಳೇ. ಅಪಾಯಕ್ಕೇ ರಕ್ಷಣೆ ಕೊಡುವ ಪದ್ಧತಿ ಎಲ್ಲೂ ಇಲ್ಲ.

ತಪಾಸಣೆಗೆ ಬಂದವನು ಶಾನವಾಜನೇ. ಯಾರಿಗೂ ಹೇಳದೆ ಅಣಕು ಬೆಂಕಿಯ ಪರೀಕ್ಷೆ ಮಾಡಬೇಕೆಂಬುದು ಅವನ ಯೋಜನೆ. ಕಟ್ಟಡದ ಹಿಂದಿನ ಹುಳ ಮನೆಗೆ ಬೆಂಕಿ ಬಿದ್ದಿದೆ ಎಂದು ಇಟ್ಟುಕೊಂಡ. ನಿಜವಾದ ಹೊಗೆ ಹಾಕಿದರೆ ಹುಳುಗಳು ಸಾಯುತ್ತವೆ, ಅದು ರೇಷ್ಮೆ ಮನೆಯ ಹುಡುಗನಿಗೆ ಗೊತ್ತಿಲ್ಲವೇ? ಒಂದು ರಟ್ಟಿನ ಮೇಲೆ ಕೆಂಪು ಅಕ್ಷರದಲ್ಲಿ ‘ಇದು ಬೆಂಕಿ’ ಎಂದು ಬರೆದು ಹುಳ ಮನೆಯ ಬಾಗಿಲಿಗೆ ಅಡ್ಡ ನಿಲ್ಲಿಸಿದ. ಅಂಗಳಕ್ಕೆ ಬಂದು ಸೈರನ್ ಒತ್ತಿದ.

ಸೈರನ್ ಕಿರ್ರೋ ಎಂದು ಬಡಿದುಕೊಂಡಿತು. ಹೊಂಗೆ ಮರದ ಕಾಗೆಗಳೆಲ್ಲ ಹಾರಿದವು. ಕಟ್ಟಡದಿಂದ ಮಾತ್ರ ಒಂದು ನರಪಿಳ್ಳೆಯೂ ಈಚೆ ಬರಲಿಲ್ಲ. ಮೆಟ್ಟಿಲ ಮೇಲೆ ಲೋಟ ತೊಳೆಯುತ್ತಿದ್ದ ಶ್ಯಾಮಲಮ್ಮ ಮಾತ್ರ ಎದ್ದು ನಿಂತಳು.

ಶಾನವಾಜ್ ಕೈಗಡಿಯಾರ ನೋಡಿಕೊಂಡ. ‘ಏನಮ್ಮ ಇದು? ನಿಜವಾದ ಬೆಂಕಿ ಆಗಿದ್ರೆ ಇಷ್ಟೊತ್ತಿಗೆ ಎಲ್ಲಾ ಸುಟ್ಟು ಹೋಗ್ತಿದ್ರು!’

ಆ ಮಾತು ಅವಳ ಕರುಳಿಗೆ ತಾಗಿತು. ಹುಡುಗರೆಲ್ಲ ಕಿವಿಗೆ ಬಿರಡೆ ಜಡಿದುಕೊಂಡು ಒಳಗೆ ಕೂತಿದ್ದಾರೆ, ಅದೂ ತನ್ನ ದೆಸೆಯಿಂದ. ಅವಳು ಒಳಗೆ ಓಡಿದಳು. ಕೊಟ್ಟ ಮಾತು ನೆನಪಿತ್ತು, ಬಾಯಿ ಬಿಡಲಿಲ್ಲ. ಅನಿತಳ ತರಗತಿಯ ಬಾಗಿಲಲ್ಲಿ ನಿಂತು, ಎರಡೂ ಕೈಗಳನ್ನು ಬೆಂಕಿಯ ನಾಲಿಗೆಯಂತೆ ಮೇಲಕ್ಕೆ ಆಡಿಸಿದಳು. ಅನಿತ ಮುಗುಳ್ನಕ್ಕು, ‘ಗಿಡಕ್ಕೆ ನೀರು ಆಮೇಲೆ ಹಾಕಿ, ಶ್ಯಾಮಲಮ್ಮ,’ ಎಂದಳು. ಶ್ಯಾಮಲಮ್ಮ ಹೋಗಿ ಕದಿರೇಶನ ತೋಳು ಹಿಡಿದು ಎಳೆದಳು. ಅವನು ಅವಳಿಗೇ ಏನೋ ಬೇನೆಯೆಂದು ತಿಳಿದು ಕುರ್ಚಿ ಕೊಟ್ಟು ಕೂರಿಸಿದ. ಮೇಷ್ಟ್ರ ಕೋಣೆಗೆ ನುಗ್ಗಿ, ಅವರನ್ನು ತೋರಿಸಿ, ಬಾಗಿಲ ಆಚೆಗೆ ತೋರಿಸಿ, ಓಡುವಂತೆ ಕಾಲು ಕುಣಿಸಿದಳು. ಮೇಷ್ಟ್ರು ಗಾಬರಿಯಿಂದ, ‘ಹೋಗಿ, ಹೋಗಿ. ಇದಕ್ಕೆಲ್ಲ ಪರ್ಮಿಷನ್ ಕೇಳ್ತಾರೇನ್ರಿ?’ ಎಂದರು.

ಅವರ ಮೇಜಿನ ಮೇಲೆ ಸಹಿಗೆ ಕಾದಿದ್ದ ವರ್ಗಾವಣೆಯ ಆದೇಶ ಅವಳ ಕಣ್ಣಿಗೆ ಬಿತ್ತು. ಶ್ಯಾಮಲಮ್ಮ ಕಾರಿಡಾರಿಗೆ ಬಂದು ನಿಂತಳು. ಸೈರನ್ ಬಡಿದುಕೊಳ್ಳುತ್ತಲೇ ಇತ್ತು. ಪೋನೀ, ಹೋದರೆ ಹೋಗಲಿ, ಶ್ರೀನಿವಾಸಪುರಕ್ಕೇ ಹಾಕಲಿ ಎಂದುಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉಸಿರು ತುಂಬಿಕೊಂಡು ಕೂಗಿದಳು.

‘ಬೆಂಕಿ ಬಿದ್ದೈತೆ! ಆಚೆ ಬನ್ರಪ್ಪೋ!’

ಕಿತ್ತಳೆ ಬಿರಡೆಯನ್ನು ದಾಟಿಕೊಂಡು ಆ ಕೂಗು ಎಲ್ಲರ ಕಿವಿಗೂ ಹೋಯಿತು. ಕದಿರೇಶನ ಮುಖ ಅರಳಿತು. ‘ಬೈಗುಳ ಶುರುವಾಯ್ತು, ಅಂದ್ರೆ ಆರೋಗ್ಯ ಸರಿಹೋಯ್ತು,’ ಎಂದು ಸಮಾಧಾನದಿಂದ ಕಡತಕ್ಕೆ ತಲೆ ಬಗ್ಗಿಸಿದ. ಉಳಿದವರೂ, ಇವತ್ತು ಬೆಂಕಿ ಬಿದ್ದದ್ದು ಹಾಲಿನವನಿಗೋ ಫ್ಯಾನಿಗೋ ಎಂದುಕೊಂಡು ಸುಮ್ಮನಾದರು. ವರ್ಷಗಟ್ಟಲೆ ದಿನವೂ ಬೆಂಕಿ ಬೀಳಿಸಿದ್ದರ ಫಲ ಅದು.

ಶ್ಯಾಮಲಮ್ಮ ಕೊಟ್ಟ ಮಾತೂ ಹೋಯಿತು, ಕೆಲಸವೂ ಆಗಲಿಲ್ಲ. ಆಗ ಅವಳ ಒಳಗಿನಿಂದ, ಅವಳನ್ನು ಕೇಳದೆಯೇ, ಕೆರೆ ಏರಿಯ ಮೇಲಿನ ಸೊಸೆ ಎದ್ದು ನಿಂತಳು.

‘ಹುಳ ಹಣ್ಣಾಗೋಯ್ತು! ಬನ್ರಪ್ಪೋ, ಬನ್ರಮ್ಮೋ! ಹುಳ ಹಣ್ಣಾಗೋಯ್ತು!’

ಕುರ್ಚಿಗಳು ಉರುಳಿದವು. ಅನಿತಳ ಕೈಯ ಸೀಮೆಸುಣ್ಣ ಎಲ್ಲೋ ಹಾರಿತು. ಆ ಕಟ್ಟಡದಲ್ಲಿ ರೇಷ್ಮೆ ಮನೆಯಲ್ಲಿ ಬೆಳೆಯದವರು ಎಷ್ಟು ಜನ ಇದ್ದಾರು? ಎಲ್ಲರೂ ಚಿಕ್ಕಂದಿನಲ್ಲಿ ತಟ್ಟೆಯಲ್ಲೇ ಕೈ ತೊಳೆದು ಓಡಿದವರೇ. ಆ ಕೂಗಿಗೆ ತಲೆ ಯೋಚಿಸುವುದಿಲ್ಲ, ಕಾಲು ಓಡುತ್ತದೆ. ಹುಡುಗರು, ಹುಡುಗಿಯರು, ಕದಿರೇಶ, ಪ್ಯಾಂಟು ಮಡಚಿಕೊಂಡ ಮುರಳಿಮೋಹನ್ ಮೇಷ್ಟ್ರು, ಎಲ್ಲರೂ ದಡದಡನೆ ಮೆಟ್ಟಿಲಿಳಿದು, ಹೊಂಗೆ ಮರವನ್ನೂ ಹಸಿರು ಫಲಕವನ್ನೂ ದಾಟಿಕೊಂಡು, ಕಟ್ಟಡದ ಹಿಂದಕ್ಕೆ, ನೇರವಾಗಿ ಹುಳ ಮನೆಯೊಳಕ್ಕೆ, ಅಂದರೆ ಬೆಂಕಿಯೊಳಕ್ಕೇ ನುಗ್ಗಿದರು. ಎಲ್ಲರಿಗಿಂತ ಮುಂದೆ ಹಳದಿ ಜಾಕೀಟು ಓಡುತ್ತಿತ್ತು. ತಾನೇ ಬರೆದ ರಟ್ಟಿನ ಬೆಂಕಿಯನ್ನು ಮೊದಲು ತುಳಿದವನು ಶಾನವಾಜನೇ.

ಒಳಗೆ ಏನಾಯಿತೆಂದು ಆಮೇಲೆ ಕದಿರೇಶ ಹೇಳಿದ. ಮೇಷ್ಟ್ರು ಒಂದು ಖಾಲಿ ಚಂದ್ರಿಕೆ ಎತ್ತಿ ಹಿಡಿದಿದ್ದರು. ಶಾನವಾಜ್ ಅಂಗಿಯ ತೋಳು ಮಡಚಿ ಹುಳದ ತಟ್ಟೆಯ ಮೇಲೆ ಬಗ್ಗಿದ್ದ. ಹುಳುಗಳು ಇನ್ನೂ ನಾಲ್ಕನೇ ಜ್ವರದಲ್ಲಿದ್ದವು. ಪೊರೆ ಬಿಡುವ ಆ ನಿದ್ದೆಗೆ ಅಲ್ಲಿ ಜ್ವರ ಎನ್ನುವುದು ರೂಢಿ. ಹಣ್ಣಾಗಲು ಇನ್ನೂ ವಾರ ಬೇಕು. ಬೆಳಿಗ್ಗೆ ತಾನೇ ಎಲ್ಲರೂ ನೋಡಿ ಹೋಗಿದ್ದರು. ಜ್ವರದ ಹುಳು ತಿನ್ನದೆ, ಅಲ್ಲಾಡದೆ, ತಲೆ ಎತ್ತಿಕೊಂಡು ಇರುತ್ತದಲ್ಲ, ಹಾಗೆ ತಟ್ಟೆ ತಟ್ಟೆಯಲ್ಲೂ ಸಾವಿರಾರು ಹುಳುಗಳು ತಲೆ ಎತ್ತಿ ಈ ವಿದ್ಯಾವಂತರನ್ನು ನೋಡುತ್ತಿದ್ದವು.

ಮೇಷ್ಟ್ರು ಕಿವಿಯ ಬಿರಡೆ ತೆಗೆದು ಕೈಯಲ್ಲಿ ಹಿಡಿದರು. ‘ನಮ್ಮಮ್ಮ ಹೀಗೇ ಕೂಗೋರು,’ ಎಂದರು. ಕಣ್ಣು ಒದ್ದೆಯಾಗಿತ್ತು. ‘ನಮ್ಮಮ್ಮೀನೂ, ಸಾರ್,’ ಎಂದ ಶಾನವಾಜ್. ಆಮೇಲೆ ಕಾಲ ಕೆಳಗಿನ ರಟ್ಟು ನೋಡಿ, ಗಡಿಯಾರ ನೋಡಿ, ಗಲ್ಲ ಕೆರೆದುಕೊಂಡು ಫಲಿತಾಂಶ ಹೇಳಿದ: ಕಟ್ಟಡ ಇಷ್ಟು ಬೇಗ ಖಾಲಿಯಾದದ್ದನ್ನು ಅವನು ಎಲ್ಲೂ ಕಂಡಿಲ್ಲ. ಆದರೆ ನಿಯಮದ ಪ್ರಕಾರ ಈಗ ಎಲ್ಲರೂ ಸತ್ತಿದ್ದಾರೆ, ಅವನನ್ನೂ ಸೇರಿಸಿ.

ಇತ್ತ ಹೊಂಗೆ ಮರದ ಕೆಳಗೆ, ಹಸಿರು ಫಲಕಕ್ಕೆ ಒರಗಿಕೊಂಡು ಶ್ಯಾಮಲಮ್ಮ ಕೂತಿದ್ದಳು. ಸೈರನ್ ಆದ ಮೇಲೆ ಮರ ಬಿಟ್ಟು ಕದಲಬಾರದೆಂದು ಹೇಳಿಕೊಟ್ಟಿದ್ದರಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, ಉಗ್ರಾಣಕ್ಕೆ ತನ್ನ ಟೀ ಪಾತ್ರೆಯನ್ನು ತೆಗೆದುಕೊಂಡು ಹೋಗಲು ಬಿಡುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಸತ್ತವರೆಲ್ಲ ಹುಳ ಮನೆಯಿಂದ ಸಾಲಾಗಿ ಬಂದು ಅವಳ ಸುತ್ತ ನಿಂತರು.

‘ತಪ್ಪಾಯ್ತು ಸಾರ್,’ ಎಂದಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ‘ಬಾಯಿ ಬಿಟ್ಟುಬಿಟ್ಟೆ. ಅಪಾಯ ಅಲ್ವಾ ನಾನು? ಸೈನ್ ಹಾಕ್ಬಿಡಿ.’

ಮೇಷ್ಟ್ರು ಶಾನವಾಜನ ಕಡೆ ತಿರುಗಿದರು. ‘ಏನಪ್ಪ, ಹೇಳಿದ ಜಾಗದಲ್ಲಿ ಬಂದು ನಿಂತೋರು ಯಾರ್‍ಯಾರು?’

‘ಇವರೊಬ್ರೇ ಸಾರ್. ಬದುಕಿರೋರೂ ಇವರೊಬ್ರೇ.’

‘ಕೇಳಿದ್ರಾ ಶ್ಯಾಮಲಮ್ಮ? ಇಡೀ ಡಿಪಾರ್ಟ್‌ಮೆಂಟಲ್ಲಿ ಬದುಕಿರೋರು ನೀವೊಬ್ರೇ. ಸೈನ್ ಹಾಕೋಣ ಅಂದ್ರೆ ನಾನೇ ಸತ್ತೋಗಿದೀನಿ. ಹೋಗಲಿ, ನಿಮ್ಮನ್ನ ಶ್ರೀನಿವಾಸಪುರಕ್ಕೆ ಕಳಿಸಿದ್ರೆ ಇಷ್ಟೂ ಹೆಣಗಳಿಗೆ ಟೀ ಕೊಡೋರು ಯಾರು?’

ಶ್ಯಾಮಲಮ್ಮ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಮೇಷ್ಟ್ರ ಕಣ್ಣು ಈ ಸಲ ಮೇಜಿನ ಗಾಜು ಹುಡುಕಲಿಲ್ಲ, ಅವಳನ್ನೇ ನೋಡುತ್ತಿತ್ತು. ಅವಳು ಎದ್ದು ಸೀರೆ ಕೊಡವಿಕೊಂಡಳು. ಒಳಗೆ ಹೋದಳು. ಒಲೆಗೆ ಬೆಂಕಿ ಬೀಳ ಎಂದು ಬೈದದ್ದು ಅಂಗಳಕ್ಕೆಲ್ಲ ಕೇಳಿಸಿತು. ಹಾಲು ಉಕ್ಕಿತು, ಲೋಟಗಳು ಸದ್ದು ಮಾಡಿದವು. ಶಾನವಾಜ್ ಜೇಬಿನಿಂದ ಮೀಟರ್ ತೆಗೆದ, ನೋಡಿದ, ಆರಿಸಿ ಮತ್ತೆ ಜೇಬಿಗೆ ಹಾಕಿಕೊಂಡ.

ಶ್ಯಾಮಲಮ್ಮ ಮೆಟ್ಟಿಲ ಮೇಲೆ ಬಂದು ನಿಂತು, ಸೆರಗು ಸಿಕ್ಕಿಸಿ, ತಿಂಗಳಿನಿಂದ ಹೊಟ್ಟೆಯಲ್ಲಿ ತಡೆದಿದ್ದನ್ನೆಲ್ಲ ಸೇರಿಸಿ ಕೂಗಿದಳು.

‘ಟೀ ಆಯ್ತು! ಸತ್ತೋರೆಲ್ಲ ಬನ್ರಪ್ಪೋ!’

ಎಲ್ಲರೂ ಬಂದರು. ಅರ್ಥಶಾಸ್ತ್ರ ವಿಭಾಗದವರೂ ಲೋಟ ಹಿಡಿದುಕೊಂಡು ಬಂದರು.